ಟ್ಯೂಬಿಲ್ಲದ ಚಳಿಗಾಲ

ಈ ಚಳಿಗಾಲದಲ್ಲಿ ತಮ್ಮ ಸೈಕಲ್ಲು ನಡುದಾರಿಯಲ್ಲಿ ಉಸಿರು ಬಿಡುವುದಿಲ್ಲ ಎಂದು ಹಲ್ಲಿನ ಡಾಕ್ಟರು ತಿಂಡಿ ಮೇಜಿನ ಮುಂದೆ ಘೋಷಿಸಿದಾಗ ಅವರ ಹೆಂಡತಿ ಕೇಸಿನ ಕಾಗದಗಳಿಂದ ತಲೆ ಎತ್ತಲಿಲ್ಲ. ಆಕೆ ವಕೀಲೆ. ಘೋಷಣೆಗೂ ಸಾಕ್ಷಿಗೂ ಇರುವ ಅಂತರ ಆಕೆಗೆ ಗೊತ್ತಿತ್ತು.

"ಹೋದ ವರ್ಷವೂ ಇದನ್ನೇ ಹೇಳಿದ್ರಿ."

"ಹೋದ ವರ್ಷ ಟ್ಯೂಬ್ ಇತ್ತು. ಈ ಸಲ ಟ್ಯೂಬ್‌ಲೆಸ್. ಒಳಗೆ ಹಾಲಿನಂಥ ಸೀಲೆಂಟ್ ಇರುತ್ತೆ. ಮೊಳೆ ಚುಚ್ಚಿದ್ರೆ ಅದೇ ಓಡಿ ಬಂದು ತೂತು ಮುಚ್ಚುತ್ತೆ. ನಾನೂ ದಿನಾ ತೂತು ಮುಚ್ಚೋನೇ ತಾನೇ? ಇದೆಲ್ಲ ನನಗೆ ಬೇಗ ಅರ್ಥವಾಗುತ್ತೆ."

"ಟೈರು ಟ್ಯೂಬ್‌ಲೆಸ್ ಆಗಬಹುದು ರೀ. ನೀವು ಟ್ಯೂಬ್‌ಲೈಟೇ."

ಆಕೆಯ ಕೊಂಕಿಗೆ ಕಾರಣವಿತ್ತು. ಹಿಂದಿನ ಚಳಿಗಾಲವಿಡೀ ಸೇತುವೆಯ ಹತ್ತಿರದಿಂದ ಡಾಕ್ಟರ ಫೋನು ಬರುವುದು, ಆಕೆ ಕಾರು ತೆಗೆದುಕೊಂಡು ಓಡುವುದು, ಗಂಡ ಮತ್ತು ಸೈಕಲ್ಲು ಇಬ್ಬರನ್ನೂ ತುಂಬಿಕೊಂಡು ಬರುವುದು ನಡೆದೇ ಇತ್ತು. ಒಮ್ಮೆಯಂತೂ ಟೈರು ಬಿಚ್ಚಲು ಹೋಗಿ ಡಾಕ್ಟರ ಬೆರಳುಗಳು ಮರಗಟ್ಟಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಪೋಸ್ಟ್‌ಮ್ಯಾನನನ್ನು ಹಾಗೇ ಎಬ್ಬಿಸಿ ಕಳಿಸಬೇಕಾಯಿತು. ಬೆರಳೇ ಬದುಕಾಗಿರುವವರಿಗೆ ಅದು ನಗುವ ಮಾತಾಗಿರಲಿಲ್ಲ.

ಆದ್ದರಿಂದ ಟೈರಿನ ಆಯ್ಕೆಗೆ ಅವರು ಅಳಿಯನನ್ನು ಹುಡುಕುವಷ್ಟು ಶ್ರದ್ಧೆಯಿಂದ ಇಳಿದರು. ತೆಳ್ಳಗಿನದು ಹಗುರ, ಆದರೆ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ದಪ್ಪನೆಯದಕ್ಕೆ ಹಿಡಿತ ಹೆಚ್ಚು, ರಬ್ಬರಿನ ಕೆಳಗೆ ಗಾಜು ಮೊಳೆ ತಡೆಯುವ ಪದರವೂ ಇದೆ, ಆದರೆ ತುಳಿಯುವವನ ತೊಡೆಯ ಬಲ ಕೇಳುತ್ತದೆ. ಡಾಕ್ಟರು ಈ ಸಂದಿಗ್ಧವನ್ನು ರೋಗಿಗಳ ಮುಂದಿಟ್ಟರು. ಬಾಯಿ ತುಂಬ ಹತ್ತಿ ಇದ್ದವರು "ಆಂ" ಎಂದರು. ಡಾಕ್ಟರು ಅದನ್ನು ದಪ್ಪ ಟೈರಿಗೆ ಬಿದ್ದ ಮತವೆಂದು ಎಣಿಸಿದರು.

"ಮೂವತ್ತು ಮಿಲಿಮೀಟರ್ ಅಗಲದ್ದು ಕೊಡಿ," ಎಂದರು ಅಂಗಡಿಯವರಿಗೆ.

"ನಿಮ್ಮ ಫ್ರೇಮಿಗೆ ಹಿಡಿಸುತ್ತಾ ನೋಡ್ಕೊಂಡು ಬನ್ನಿ ಡಾಕ್ಟ್ರೇ. ಟೈರಿಗೆ ಮಾತ್ರ ಅಲ್ಲ, ಕೆಸರಿಗೂ ಜಾಗ ಬೇಕು."

ಡಾಕ್ಟರು ಸೈಕಲ್ಲನ್ನು ತಲೆಕೆಳಗಾಗಿ ಮಲಗಿಸಿ, ಹಣೆಗೆ ದೀಪ ಕಟ್ಟಿ, ಬಾಯೊಳಗೆ ಇಣುಕುವ ಪುಟ್ಟ ಕನ್ನಡಿಯನ್ನು ಬ್ರೇಕಿನ ಸಂದಿಗೆ ತೂರಿಸಿ ತಪಾಸಣೆ ಮಾಡಿದರು. ಮೂವತ್ತು ಉಜ್ಜುತ್ತದೆ, ಇಪ್ಪತ್ತೆಂಟು ಸಲೀಸು ಎಂಬ ತೀರ್ಮಾನಕ್ಕೆ ಬಂದರು. ಅಂಗಡಿಯವರು ತಾವೇ ಹಾಕಿಕೊಡುತ್ತೇವೆ ಎಂದಾಗ ಮಾತ್ರ ನಕ್ಕುಬಿಟ್ಟರು. ದವಡೆಯ ಮೂಲೆಯಿಂದ ಹಲ್ಲು ಕೀಳುವ ಕೈಗೆ ರಿಮ್ಮಿನ ಅಂಚಿಗೆ ರಬ್ಬರು ಕೂರಿಸುವುದೇನು ಮಹಾ!

ಭಾನುವಾರ ಸಂಜೆ ಕಾರಿನ ಶೆಡ್ಡಿನಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಬಲ್ಬು ಮಂಕಾಗಿದ್ದರಿಂದ ಕಾರಿನ ಹೆಡ್‌ಲೈಟ್ ಹಾಕಿಕೊಂಡರು. ಹೊಗೆ ತುಂಬಬಾರದೆಂದು ಎಂಜಿನ್ ಶುರು ಮಾಡಲಿಲ್ಲ. ಮುಂದಿನ ಚಕ್ರ ಮರ್ಯಾದೆಯಿಂದ ಕೂತಿತು. ಹಿಂದಿನದು ಹಟ ಹಿಡಿಯಿತು. ಕೈಪಂಪಿನಲ್ಲಿ ಎಷ್ಟು ಒತ್ತಿದರೂ ಒಂದು ಕಡೆಯಿಂದ ಹೋದ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತಿತ್ತು. ಕೊನೆಗೆ ಕಾರಿಗೇ ಸಿಕ್ಕಿಸುವ ಗಾಳಿ ಯಂತ್ರವನ್ನು ತಂದು ಹಚ್ಚಿದರು. ಅದು ಗರಗರ ಎನ್ನುತ್ತಲೇ ಇತ್ತು. ಟೈರಿನ ಅಂಚು ರಿಮ್ಮಿಗೆ ಕೂತಾಗ ಟಪ್ ಎನ್ನಬೇಕು ಎಂದು ಎಲ್ಲೋ ಓದಿದ್ದ ಡಾಕ್ಟರು, ಆ ಟಪ್ಪಿಗಾಗಿ ಕಿವಿಯಾನಿಸಿ ಗಾಳಿ ತುಂಬಿಸುತ್ತಲೇ ಹೋದರು.

ಅದೇ ಹೊತ್ತಿಗೆ ವಕೀಲೆ ಒಗೆಸಿ ತಂದ ಕಪ್ಪು ಕೋಟನ್ನು ತೋಳ ಮೇಲೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದರು. "ಊಟಕ್ಕೆ ಬರ್ತೀರೋ, ಇಲ್ಲೇ ಗಾಳಿ ಕುಡಿದು..."

ಟಪ್ ಅನ್ನಲಿಲ್ಲ. ಢಮ್ ಅಂದಿತು.

ಟೈರು ರಿಮ್ಮಿನಿಂದ ಹಾರಿತು. ಸೀಲೆಂಟು ಗೋಡೆಗೆ, ಡಾಕ್ಟರ ಕನ್ನಡಕಕ್ಕೆ, ಅದಕ್ಕೂ ಮಿಗಿಲಾಗಿ ಕೋಟಿಗೆ ಚಿಮ್ಮಿತು. ಕಪ್ಪು ಬಟ್ಟೆಯ ಮೇಲೆ ನಕ್ಷತ್ರಗಳು ಮೂಡಿದವು.

ವಕೀಲೆ ಕೂಗಾಡಲಿಲ್ಲ. ಅದೇ ಡಾಕ್ಟರಿಗೆ ಹೆಚ್ಚು ಭಯ ಹುಟ್ಟಿಸಿತು.

"ನಾಳೆ ಆ ಅಜ್ಜಿಯ ಮನೆ ಕೇಸು," ಎಂದರು ಮೆಲ್ಲಗೆ. "ನಾನು ನಿಂತು ವಾದಿಸದಿದ್ರೆ ಅವರನ್ನ ಬೀದಿಗೆ ಹಾಕ್ತಾರೆ. ನನ್ನ ಹತ್ತಿರ ಇರೋದು ಇದೊಂದೇ ಕೋಟು."

ಡಾಕ್ಟರು ಕೋಟನ್ನು ಒಳಗೆ ಒಯ್ದು ಅಡುಗೆಮನೆ ಮೇಜಿನ ಮೇಲೆ ಹಾಸಿದರು. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆ ತಂದು, ಒಂದೊಂದೇ ಚುಕ್ಕೆಯನ್ನು ನೂಲಿಗೆ ನೋವಾಗದಂತೆ ಬಿಡಿಸತೊಡಗಿದರು. ಊಟ ಆರಿತು. ಅಭ್ಯಾಸಬಲದಿಂದ ಅವರು ಕೋಟಿಗೆ "ಸ್ವಲ್ಪ ತಡ್ಕೊಳ್ಳಿ, ಆಯ್ತು" ಎಂದಾಗ ವಕೀಲೆಗೆ ನಗು ತಡೆಯಲಾಗಲಿಲ್ಲ. ಆಕೆ ಹೊರಗೆ ಹೋಗಿ ಹಿಂದಿನ ಚಕ್ರವನ್ನು ಎತ್ತಿ ತಂದು, ಅಂಚಿಗೆ ಸೋಪಿನ ನೀರು ಸವರಿ, ಎರಡು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ಸೀಲೆಂಟು ಸುರಿದು, ಕೈಪಂಪು ಒತ್ತಿದರು.

ಟಪ್. ಟಪ್. ಟಪ್.

"ಇದೇನಾ ನೀವು ಕಾಯ್ತಿದ್ದ ಸದ್ದು?"

ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಹಿಮ ಬೆಳ್ಳಗೆ ಕೂತಿತ್ತು. ಕೋಟು ಕಪ್ಪಗೆ ಮಿರುಗುತ್ತಿತ್ತು. ವಕೀಲೆ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಕಾರು ಕ್ಲಿಕ್ ಎಂದು ಸುಮ್ಮನಾಯಿತು.

ಡಾಕ್ಟರ ಮುಖ ಕಾರಿಗಿಂತ ತಣ್ಣಗಾಯಿತು. "ಹೆಡ್‌ಲೈಟು... ಕೋಟಿನ ಗಡಿಬಿಡೀಲಿ ಆರಿಸೋದು ಮರೆತೆ ಕಣೇ. ನೀನೂ ನಾನೇ ಆರಿಸ್ತೀನಿ ಅಂದ್ಕೊಂಡಿರಬೇಕು. ರಾತ್ರಿಯೆಲ್ಲ ಉರಿದು ಬ್ಯಾಟರಿ ಸತ್ತಿದೆ."

ಆಕೆ ಗಡಿಯಾರ ನೋಡಿದರು. ಬಸ್ಸು ಊರೆಲ್ಲ ಸುತ್ತಿ ಹೋಗುತ್ತದೆ, ಸೈಕಲ್ಲಿಗೆ ಹೊಳೆಯ ಪಕ್ಕದ ದಾರಿ ನೇರ. ಮದುವೆಗೆ ಮುಂಚೆ ಆಕೆ ಊರೆಲ್ಲ ಸುತ್ತಿದ್ದೂ ಸೈಕಲ್ಲಿನ ಮೇಲೆಯೇ. ಕೋಟನ್ನೂ ಕಾಗದಗಳನ್ನೂ ಬೆನ್ನಿನ ಚೀಲಕ್ಕೆ ತುಂಬಿ, ಡಾಕ್ಟರ ಕೈಗವಸು ಕಿತ್ತುಕೊಂಡು, ಸೀಟು ತಗ್ಗಿಸಿ ಹೊರಟೇಬಿಟ್ಟರು. ಡಾಕ್ಟರು ಬಸ್ಸು ಹಿಡಿದರು. ಪಕ್ಕದಲ್ಲಿ ಕೂತ ಪೋಸ್ಟ್‌ಮ್ಯಾನ್ ಗುರುತು ಹಿಡಿದು, ಬಾಯಿ ಅಗಲಿಸಿ, ತಮ್ಮ ದವಡೆ ಹಲ್ಲನ್ನು ದಾರಿಯುದ್ದಕ್ಕೂ ತೋರಿಸಿದರು.

ಸಂಜೆ ವಕೀಲೆ ಕೆಂಪಾದ ಕೆನ್ನೆಗಳೊಂದಿಗೆ ಮನೆಗೆ ಬಂದರು. "ಅಜ್ಜಿಗೆ ಮನೆ ಉಳೀತು. ಆಮೇಲೆ ಕೇಳಿ, ಸೇತುವೆ ಹತ್ತಿರ ಏನೋ ಚುಚ್ಚಿ ಬುಸ್ ಅಂತು. ಬಿಳೀ ಹಾಲು ಚಿಮ್ಮಿತು. ನಾನು ಇಳಿದು ನೋಡೋಷ್ಟರಲ್ಲಿ ತಾನೇ ಮುಚ್ಚಿಕೊಂಡಿತ್ತು. ಒದ್ದೇಲೂ ಒಂಚೂರು ಜಾರಲಿಲ್ಲ. ಎಂಥಾ ಟೈರು ಆರಿಸಿದ್ದೀರಿ ರೀ!"

ಡಾಕ್ಟರ ಎದೆ ಟೈರಿನಂತೆ ಉಬ್ಬಿತು. "ನಾನು ಹೇಳಲಿಲ್ವಾ? ನಾಳೆ ನಾನೂ ಅದರಲ್ಲಿ ಹೋಗಿ..."

"ನಾಳೆಯೂ ನನಗೇ ಬೇಕು. ಈ ಚಳಿಗಾಲ ಪೂರ್ತಿ ಬೇಕು," ಎಂದರು ಆಕೆ ಕೈಗವಸನ್ನು ಒಲೆಯ ಬಳಿ ಒಣಹಾಕುತ್ತ. "ಬೇಜಾರು ಮಾಡ್ಕೋಬೇಡಿ. ಹಿಂದೆ ಒಂದು ಕ್ಯಾರಿಯರ್ ಹಾಕಿಸಿ, ದಿನಾ ನಿಮ್ಮನ್ನ ಬಸ್‌ಸ್ಟಾಪಿನ ತನಕ ಬಿಡ್ತೀನಿ."