ಅಟಾರ್ನಿ ಜನರಲ್ ಕಾಲಾವಕಾಶ ಕೇಳಿದ್ದು

ಗಲ್ಲುಶಿಕ್ಷೆಯ ಕೇಸಿನಲ್ಲಿ ಯಾರೂ ನಗಬಾರದು. ಆದರೆ ದಿನಾ ಕೋರ್ಟಿಗೆ ಹೋಗುವವರನ್ನು ಕೇಳಿ, ತಡೆಯಲಾರದ ನಗು ಬರುವುದು ಅಂಥಲ್ಲೇ. ಚೆನ್ನೈಯಲ್ಲಿ ನಾನು ಕೇಂದ್ರ ಸರ್ಕಾರದ ಪರ ಜೂನಿಯರ್ ವಕೀಲೆಯಾಗಿದ್ದಾಗ ಒಂದೇ ಕೇಸಿನಲ್ಲಿ ನಡೆದವು ಇವು.

೧. ಅಪ್ಪನ ಹುದ್ದೆ

ಅಟಾರ್ನಿ ಜನರಲ್ ದೆಹಲಿಯಿಂದ ಬರುತ್ತಾರೆ, ಅವರ ಜೊತೆ ನೀನಿರಬೇಕು ಅಂದರು ನನ್ನ ಸೀನಿಯರ್. ಹಿಗ್ಗಿನಿಂದ ಮನೆಗೆ ಬಂದು ಹೇಳಿದೆ. ಕುಂದಾಪುರದ ಕಡೆಯವರಾದ ಅಪ್ಪ ವಡಪಳನಿಯ ಹೋಟೆಲೊಂದರಲ್ಲಿ ಕ್ಯಾಶಿಯರ್.

“ಜನರಲ್ ಅಂದ್ರೆ ಮಿಲಿಟ್ರಿಯವರಾ?”

“ಅಲ್ಲಪ್ಪ, ದೇಶಕ್ಕೇ ದೊಡ್ಡ ವಕೀಲರು. ಸರ್ಕಾರಕ್ಕೆ ಬುದ್ಧಿ ಹೇಳುವವರು.”

“ಸರ್ಕಾರ ಕೇಳ್ತದಾ?”

“ಕೇಳಲೇಬೇಕು ಅಂತೇನಿಲ್ಲ.”

ಅಪ್ಪ ಅಮ್ಮನಿದ್ದ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. “ಹಾಗಾದ್ರೆ ಈ ಮನೆಗೆ ನಾನೇ ಮಾರಾಯ್ತಿ, ಅಟಾರ್ನಿ ಜನರಲ್ಲು.”

೨. ತಡಕ್ಕೆ ಕಾರಣ

ಕೇಸು ಮಾತ್ರ ತಮಾಷೆಯದಲ್ಲ. ಒಬ್ಬ ಯುವಕ ಕುಡಿದ ಜಗಳದಲ್ಲಿ ಇಬ್ಬರನ್ನು ಕೊಂದಿದ್ದ. ಗಲ್ಲುಶಿಕ್ಷೆಯಾಯಿತು. ಕ್ಷಮೆ ಕೋರಿ ರಾಷ್ಟ್ರಪತಿಗೆ ಅರ್ಜಿ ಹಾಕಿದ. ದೆಹಲಿಯಲ್ಲಿ ಆ ಅರ್ಜಿ ವರ್ಷಗಟ್ಟಲೆ ಕೊಳೆಯಿತು, ಕೊನೆಗೆ ಆಗುವುದಿಲ್ಲ ಅಂದರು. ‘ಇಷ್ಟು ವರ್ಷ ಹಗ್ಗದ ಕೆಳಗೆ ಕೂರಿಸಿದ್ದೇ ಶಿಕ್ಷೆ, ಜೀವಾವಧಿಗೆ ಇಳಿಸಿ’ ಎಂದು ಅವನ ವಕೀಲರು ಕೋರ್ಟಿಗೆ ಬಂದಿದ್ದರು.

“ಇಷ್ಟು ತಡ ಯಾಕಾಯಿತು?” ನ್ಯಾಯಮೂರ್ತಿಗಳು ಕೇಳಿದರು.

ಗೃಹ ಇಲಾಖೆಯಿಂದ ಉತ್ತರವೇ ಬಂದಿರಲಿಲ್ಲ. ಅಟಾರ್ನಿ ಜನರಲ್ ಎದ್ದು, “ಅದನ್ನು ವಿವರಿಸಲು ಸ್ವಲ್ಪ ಕಾಲಾವಕಾಶ ಬೇಕು” ಅಂದರು.

ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲ ಅವರು ಏಳುವಷ್ಟರಲ್ಲಿ ನ್ಯಾಯಮೂರ್ತಿಗಳೇ ಅಂದರು: “ಕೂತ್ಕೊಳ್ಳಿ. ವಿವರಣೆ ಸಿಕ್ಕಿತು.”

೩. ವಿಭೂತಿ

ಅವತ್ತು ಹೊರಗೆ ಬಂದಾಗ ಆ ಯುವಕನ ತಾಯಿ ಅಡ್ಡ ಬಂದು, ಮುರುಗನ್ ಗುಡಿಯ ವಿಭೂತಿಯನ್ನು ಅಟಾರ್ನಿ ಜನರಲ್ಲರ ಹಣೆಗೇ ಹಚ್ಚಿಬಿಟ್ಟಳು. ತಮಿಳು ಬಾರದ ಅವರು ಕಲ್ಲಿನಂತೆ ನಿಂತರು.

ನಾನು ತಮಿಳಿನಲ್ಲಿ ಹೇಳಿದೆ: “ಅಮ್ಮಾ, ಇವರು ನಿಮ್ಮ ವಕೀಲರಲ್ಲ. ನಿಮ್ಮ ಮಗನನ್ನ ಗಲ್ಲಿಗೆ ಹಾಕಿ ಅಂತ ವಾದಿಸೋರು.”

“ಗೊತ್ತು ಕಣಮ್ಮ,” ಅಂದಳು. “ನಮ್ಮ ವಕೀಲ ಬೇಗ ಮುಗಿಸಿ ಮುಗಿಸಿ ಅಂತಾನೆ. ಈ ಅಯ್ಯನೇ ಪ್ರತಿ ಸಲ ಟೈಮ್ ಕೇಳೋದು. ಅಷ್ಟು ದಿನ ನನ್ನ ಮಗ ಉಸಿರಾಡ್ತಾನಲ್ಲ.”

ಅದನ್ನು ಅವರಿಗೆ ತಿಳಿಸಿದೆ. ಹಣೆ ಒರೆಸಿಕೊಳ್ಳಲು ಕರವಸ್ತ್ರ ತೆಗೆದಿದ್ದವರು ಅದರಲ್ಲಿ ಕಣ್ಣು ಒರೆಸಿಕೊಂಡು, “ನಿಮ್ಮ ಊರಲ್ಲಿ ತುಂಬಾ ಧೂಳು” ಅಂದರು.

೪. ಕೊನೆಯ ಸಲಹೆ

ತಡವಾದ ಕಾರಣಕ್ಕೇ ಗಲ್ಲು ಜೀವಾವಧಿಯಾಯಿತು. ನಾವು ಸೋತೆವು. ತೀರ್ಪು ಕೇಳಿ ತಾಯಿ ಅಳಲಿಲ್ಲ. ಸತ್ತವರ ಕಡೆಯ ಹೆಂಗಸೊಬ್ಬಳು ಬೆಂಚಿನಲ್ಲಿ ಕೂತು ಅಳುತ್ತಿದ್ದಳು. ಈಕೆ ಹೋಗಿ ಅವಳಿಂದ ಸ್ವಲ್ಪ ದೂರದಲ್ಲಿ ತಲೆತಗ್ಗಿಸಿ ನಿಂತಳು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಇಲಾಖೆಯ ಹಿರಿಯ ಅಧಿಕಾರಿಯ ಫೋನು ಬಂತು: ಅಪೀಲು ಹೋಗೋಣವೇ, ನಿಮ್ಮ ಸಲಹೆ ಏನು?

“ಬೇಡ. ಇಲ್ಲಿಗೆ ಬಿಡಿ” ಅಂದರು ಅಟಾರ್ನಿ ಜನರಲ್.

ಆ ಕಡೆಯವರು ಏನೋ ಹೇಳಿದರು. ಇವರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. ಅಷ್ಟು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

“ಆ ತಾಯಿಗೆ ಹೇಳಮ್ಮ, ಹೆದರಬೇಡ ಅಂತ. ನನ್ನ ಸಲಹೆ ಪರಿಶೀಲಿಸೋಕೆ ಇವರಿಗೆ ಕಾಲಾವಕಾಶ ಬೇಕಂತೆ.”