ಊರಿಲ್ಲದ ನಮ್ಮ ಭಾವ

ನಮ್ಮ ಭಾವನ ಪ್ರಪಂಚದಲ್ಲಿ ಬರೀ ಆಲೂಗಡ್ಡೆ ಎಂಬುದೇ ಇಲ್ಲ! ಅದು ಯಾವೂರಿನದೆಂದು ಗೊತ್ತಾಗದೆ ಪಲ್ಯ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಟೋರ್ಸ್‌ಲಾಂಡದಲ್ಲಿ ಎಂಜಿನಿಯರಾಗಿರುವ ಈ ಮಹಾನುಭಾವರು ಸ್ವೀಡಿಷ್ ಕ್ಲಾಸಿಗೆ ಸೇರಿದ್ದೇ ನಮ್ಮ ಗ್ರಹಚಾರ. ಊರಿನ ಹೆಸರಿಗೆ 'ಸ್ಕ್' ಅಂಟಿಸಿದರೆ 'ಆ ಊರಿನ' ಎಂದಾಗುತ್ತದೆಂದು ಅಲ್ಲಿ ಹೇಳಿಕೊಟ್ಟರಂತೆ. ಸ್ಟಾಕ್‌ಹೋಮಿನದು ಸ್ಟಾಕ್‌ಹೋಮ್ಸ್ಕ್, ಸ್ಕೋನೆ ಸೀಮೆಯದು ಸ್ಕೋನ್ಸ್ಕ್. ಅಷ್ಟಕ್ಕೇ ಬಿಟ್ಟಾರೆಯೇ? ನಾನು ಓದುತ್ತಿರುವ ನಾರ್‌ಶೋಪಿಂಗ್‌ನಿಂದ ರಜೆಗೆ ಇವರ ಮನೆಗೆ ಬರುವಷ್ಟರಲ್ಲಿ ಅಕ್ಕನ ಡಬ್ಬಿಯಲ್ಲಿ ಬ್ಯಾಡಗಿಸ್ಕ್ ಮೆಣಸಿನಕಾಯಿ, ಕಾವಲಿಯ ಮೇಲೆ ದಾವಣಗೆರೆಸ್ಕ್ ದೋಸೆ!

ಅಕ್ಕ ರೇಗಿ ಸೌಟು ಕುಕ್ಕಿದಳು.

"ಓಹೋ, ಪಕ್ಕಾ ತುಮಕೂರ್ಸ್ಕ್ ಕೋಪ!" ಎಂದರು ಭಾವ.

"ರೀ, ಇನ್ನೊಂದ್ಸಲ ಸ್ಕ್ ಅಂದ್ರೆ ಇವತ್ತು ಊಟ ಇಲ್ಲ!"

ಅವತ್ತೊಂದು ದಿನ ಭಾವ ಸುಮ್ಮನೆ ಉಂಡರು.

ಪಕ್ಕದ ಮನೆಯ ಸ್ವೀಡಿಷ್ ಅಜ್ಜನನ್ನಾದರೂ ಬಿಡಬೇಡವೇ? ಫಿಕಾಗೆ, ಅಂದರೆ ಅಲ್ಲಿಯವರ ಕಾಫಿ-ತಿಂಡಿಯ ಹರಟೆಗೆ ಕರೆದು, ಕಾಫಿ ಕೊಟ್ಟು, "ನೀವು ಸ್ಟಾಕ್‌ಹೋಮ್ಸ್ಕಾ?" ಎಂದುಬಿಟ್ಟರು. ಹುಟ್ಟಿ ಬೆಳೆದದ್ದೆಲ್ಲ ಇದೇ ಗೋಥೆನ್‌ಬರ್ಗ್‌ನಲ್ಲಾದ ಮನುಷ್ಯನಿಗೆ ಕೇಳುವ ಮಾತೇ ಇದು! "ಯೋತೆಬೊರಿಸ್ಕ್!" ಎಂದು ಗುಡುಗಿ, ಅಂದರೆ ತಾನು ಈ ಊರಿನವನೇ ಎಂದು ಸಾರಿ, ಅಜ್ಜ ಅರ್ಧ ಕಾಫಿ ಬಿಟ್ಟು ಎದ್ದುಹೋದರು. ಮರುದಿನ ಭಾವ ಚಕ್ಕುಲಿ ಹಿಡಿದುಕೊಂಡು ಹೋಗಿ ಕ್ಷಮೆ ಕೇಳಿದ ಮೇಲೇ ರಾಜಿಯಾದದ್ದು.

ಊರೂರಿಗೆಲ್ಲ ಸ್ಕ್ ಹಚ್ಚುವ ಇವರನ್ನು ಯಾರಾದರೂ "ಯಾವೂರು ನಿಮ್ದು?" ಎಂದು ಕೇಳಲಿ, ಮುಖ ಸಪ್ಪಗಾಗುತ್ತದೆ. ಅವರಪ್ಪನದು ವರ್ಗಾವಣೆಯ ನೌಕರಿ. ಶಾಲೆಯಲ್ಲಿ ಗೆಳೆಯರ ಹೆಸರು ಬಾಯಿಗೆ ಬರುವಷ್ಟರಲ್ಲಿ ಸಾಮಾನು ಲಾರಿ ಏರುತ್ತಿತ್ತು. ನಾನೂ ಒಮ್ಮೆ ತಮಾಷೆಗೆ, "ಭಾವ, ನೀವು ಯಾವ ಸ್ಕ್?" ಎಂದೆ.

"ನಂಗೆ ಊರೇ ಇಲ್ಲ ಕಣಮ್ಮ. ಸ್ಕ್ ಎಲ್ಲಿಗೆ ಅಂಟಿಸ್ಲಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪಾಪ, ಅನ್ನಿಸಿತು.

ಮೊನ್ನೆ ಎಲೆ ಉದುರುವ ಕಾಲದಲ್ಲಿ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದಿನ. ಹೊಸದಾಗಿ ಬಂದ ಹೆಂಗಸೊಬ್ಬಳು ಭಾವನನ್ನು, "ನೀವು ಎಲ್ಲಿಯವರು?" ಎಂದು ಕೇಳಿಬಿಟ್ಟಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಭಾವ ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಎಲೆ ಗೋರುತ್ತಿದ್ದ ಅಜ್ಜ ತಲೆಯನ್ನೂ ಎತ್ತದೆ ಉತ್ತರ ಕೊಟ್ಟರು.

"ಅವನಾ? ಯೋತೆಬೊರಿಸ್ಕ್. ನಮ್ಮವನು."

ದಿನವಿಡೀ ಬಾಯಿ ಮುಚ್ಚದ ಭಾವ ಪೊರಕೆ ಎತ್ತಿಕೊಂಡರು. ಬಗ್ಗಿ ಗುಡಿಸತೊಡಗಿದರು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದರು. ಕಣ್ಣು ಒದ್ದೆಯಾಗಿತ್ತು.

"ರೀ, ಅಲ್ಲಿ ಎಲೆ ಇಲ್ವಲ್ರೀ," ಎಂದಳು ಅಕ್ಕ, ಮೆಲ್ಲಗೆ.

"ಇರ್ಲಿ ಬಿಡೇ," ಎಂದರು ಭಾವ. "ನಮ್ಮೂರು. ಚೆನ್ನಾಗಿರ್ಲಿ."