ಟಾಪು ಮಡಚುವ ಕಾರು ಮತ್ತು ಮಾವನವರ 'ಹೂಂ'

ಇಪ್ಪತ್ತಾರು ವರ್ಷ 'ಶ್ಶ್' ಎಂದು ಹೇಳಿಯೇ ಹೊಟ್ಟೆ ಹೊರೆದ ಮನುಷ್ಯನಿಗೆ ಒಮ್ಮೆಯಾದರೂ ಗದ್ದಲ ಮಾಡಬೇಕು ಅನ್ನಿಸಿದರೆ ತಪ್ಪೇನು? ನಮ್ಮ ಗ್ರಂಥಪಾಲಕರಿಗೆ ಹಾಗನ್ನಿಸಿತು. ಅನ್ನಿಸಿದ ಮೂರನೇ ವಾರಕ್ಕೆ ಅವರ ಮನೆ ಮುಂದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಯಾರೋ ಹದಿನಾಲ್ಕು ವರ್ಷ ಓಡಿಸಿ ಬಿಟ್ಟದ್ದು. ಎರಡೇ ಸೀಟು. ಗುಂಡಿ ಒತ್ತಿದರೆ ಬಟ್ಟೆಯ ಟಾಪು ತಾನೇ ಮಡಚಿಕೊಂಡು ಹಿಂದೆ ಹೋಗಿ ಅಡಗಿಕೊಳ್ಳುತ್ತಿತ್ತು. ಇಂಜಿನ್ ಶುರುವಾದರೆ ಎದುರುಮನೆಯ ಕಿಟಕಿ ಗಾಜು ನಡುಗುತ್ತಿತ್ತು. ಆ ಸದ್ದು ಕೇಳಿ ಅವರ ಮುಖಕ್ಕೆ ಬಂದ ಕಳೆಯನ್ನು ಹೆಂಡತಿ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

"ರೀ, ಮೂರು ಜನ ಇರೋ ಮನೆಗೆ ಎರಡು ಸೀಟಿನ ಕಾರಾ?" ಎಂದಳು ಆಕೆ. (ಆಕೆ ಶಾಲೆಯಲ್ಲಿ ಆಟದ ಟೀಚರು. ಸೀಟಿ ಊದದೆಯೇ ಇಡೀ ಮೈದಾನವನ್ನು ನಿಲ್ಲಿಸಬಲ್ಲ ಗಂಟಲು.) "ಹೋಗ್ಲಿ, ಹಳೇ ಗಾಡಿ. ಅಪ್ಪ ಒಂದ್ಸಲ ನೋಡ್ಲಿ."

ಮನೆಯ ಮೂರನೆಯವರು ಈ ಅಪ್ಪನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಮೂವತ್ತನಾಲ್ಕು ವರ್ಷ ಬಸ್ಸುಗಳ ಹೊಟ್ಟೆ ಕೆಳಗೆ ಮಲಗಿ ನಿವೃತ್ತರಾದವರು.

"ಬಸ್ಸೇ ಬೇರೆ, ಸ್ಪೋರ್ಟ್ಸ್ ಕಾರೇ ಬೇರೆ. ನಾನೇ ನೋಡ್ಕೋತೀನಿ," ಎಂದು ಗ್ರಂಥಪಾಲಕರು ಗ್ರಂಥಾಲಯದಿಂದ 'ಮೋಟಾರು ವಾಹನ ಪಾಲನೆ, ಮೊದಲನೇ ಸಂಪುಟ' ಹೊತ್ತು ತಂದರು.

ಭಾನುವಾರ ಬೆಳಿಗ್ಗೆ ಮಹಾಪರೀಕ್ಷೆ ಆರಂಭವಾಯಿತು. ಬಾನೆಟ್ಟಿನ ಮೇಲೆ ಪುಸ್ತಕ, ಮೂಗಿನ ಮೇಲೆ ಕನ್ನಡಕ. ಮಾವನವರು ಜಗಲಿಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು.

"ಅಳಿಯಂದ್ರೇ, ಇಂಜಿನ್ ತಣ್ಣಗಾಗ್ಲಿ, ಆಮೇಲೆ ಆಯಿಲ್ ನೋಡಿ."

"ಪುಸ್ತಕದಲ್ಲಿದೆ ಮಾವ."

"ಹೂಂ."

ಆ 'ಹೂಂ' ಇತ್ತಲ್ಲ, ಅದು ಮೈಮೇಲೆ ಇರುವೆ ಹರಿದ ಹಾಗೆ. ಕೊಡವಿದರೂ ಹೋಗುವುದಿಲ್ಲ. ಅದನ್ನು ಸಹಿಸಿಕೊಂಡೇ ಅವರು ಆಯಿಲ್ ನೋಡಿದರು, ಟೈರಿನ ಗಾಳಿ ಅಳೆದರು, ಬ್ರೇಕ್ ತುಳಿದರು, ದೀಪಗಳನ್ನೆಲ್ಲ ಹಚ್ಚಿ ಆರಿಸಿದರು. ಕೊನೆಗೆ ಟಾಪು ಸೋರುತ್ತದೋ ಇಲ್ಲವೋ ನೋಡಲು ತಾವು ಒಳಗೆ ಕೂತು, ಹೆಂಡತಿಯ ಕೈಗೆ ನೀರಿನ ಪೈಪು ಕೊಟ್ಟರು. ದಾಂಪತ್ಯದಲ್ಲಿ ಇಂಥ ಅವಕಾಶ ಪದೇ ಪದೇ ಬರುವುದಿಲ್ಲ. ಆಕೆ ಅರ್ಧ ಗಂಟೆ ಬಿಡದೆ ಹೊಡೆದಳು.

"ಒಂದು ಹನಿ ಒಳಗೆ ಬಂದಿಲ್ಲ! ಇದು ಕಾರಲ್ಲ, ಅಭೇದ್ಯ ಕೋಟೆ!" ಎಂದು ಘೋಷಿಸುತ್ತ ಅವರು ಇಳಿದರು.

ಮಾವನವರು ಪೇಪರ್ ಮಡಚಿ ಮೆಲ್ಲಗೆ ಕೇಳಿದರು: "ಒಳಗೆ ಬರ್ಲಿಲ್ಲ, ಸರಿ. ಹೊರಗೆ ಹೋಯ್ತಾ? ಟಾಪಿನ ಹಿಂದೆ ನೀರು ಇಳಿಯೋಕೆ ಎರಡು ಸಣ್ಣ ತೂತು ಇರ್ತಾವೆ. ಎಲೆ ಕಸ ಕಟ್ಕೊಂಡಿರುತ್ತೆ."

ಗ್ರಂಥಪಾಲಕರು ಪುಸ್ತಕ ತಿರುವಿ ಹಾಕಿದರು. ತೂತಿನ ಸುದ್ದಿಯೇ ಇಲ್ಲ. (ಅದು ಇದ್ದದ್ದು ಎರಡನೇ ಸಂಪುಟದಲ್ಲಿ. ಅದನ್ನು ಒಯ್ದ ಓದುಗರು ಮೂರು ವರ್ಷದಿಂದ ಹಿಂದಿರುಗಿಸಿಲ್ಲ.) "ಅಂಥದ್ದೇನೂ ಇಲ್ಲ ಮಾವ," ಎಂದುಬಿಟ್ಟರು.

"ಹೂಂ."

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಟಾಪು ತೆರೆದುಕೊಂಡು ಗ್ರಂಥಾಲಯದ ಮುಂದೆ ಹೋಗಿ ನಿಲ್ಲುವುದು, ಒಳಗಿದ್ದವರೆಲ್ಲ ಓದು ಬಿಟ್ಟು ಕಿಟಕಿಗೆ ಓಡಿಬರುವುದು, ಇದೆಲ್ಲ ಅವರ ಮನಸ್ಸಿನಲ್ಲಿ ಆಗಲೇ ನಡೆದುಹೋಗಿತ್ತು. ಇಸ್ತ್ರಿ ಅಂಗಡಿಯವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ನೋಡುತ್ತಿದ್ದ. ಎದುರುಮನೆಯವರು ಸಂಸಾರಸಮೇತ ಗೇಟಿಗೆ ಬಂದಿದ್ದರು. ಗ್ರಂಥಪಾಲಕರು ಕಪ್ಪು ಕನ್ನಡಕ ಏರಿಸಿ, ಬೀದಿಗೆಲ್ಲ ಕಾಣುವಂತೆ ಬೆರಳೆತ್ತಿ ಗುಂಡಿ ಒತ್ತಿದರು.

ಟಾಪು ರಾಜಗಾಂಭೀರ್ಯದಿಂದ ಮೇಲೆದ್ದಿತು. ಅದರ ಮಡಿಕೆಯಲ್ಲಿ ನಿನ್ನೆಯಿಂದ ತಂಗಿದ್ದ ನೀರೆಲ್ಲ ಒಂದೇ ಸಲಕ್ಕೆ ದಬದಬನೆ ಅವರ ನೆತ್ತಿಯ ಮೇಲೆ ಇಳಿಯಿತು. ಜೊತೆಗೆ ಒಂದಷ್ಟು ಕೊಳೆತ ಎಲೆ. ಟಾಪು ಅಲ್ಲಿಗೇ ನಿಂತಿತು, ಆಕಳಿಕೆಯ ನಡುವೆ ನಿದ್ದೆಹೋದವರ ಬಾಯಿಯ ಹಾಗೆ.

ಮಾವನವರು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ದಪ್ಪ ನೈಲಾನ್ ದಾರ ಸಿದ್ಧವಾಗಿತ್ತು. ತೂತಿನೊಳಗೆ ಅದನ್ನು ತೂರಿಸಿ ಆಡಿಸಿದರು. ಹಕ್ಕಿಯೊಂದು ಸಂಸಾರ ಹೂಡಬಹುದಾದಷ್ಟು ಕಸ ಈಚೆ ಬಂತು.

"ಮೊದಲೇ ಹೇಳ್ಬಾರ್ದಿತ್ತಾ ಮಾವ?" ಎಂದರು ಗ್ರಂಥಪಾಲಕರು, ಕಿವಿಯಿಂದ ಎಲೆ ತೆಗೆಯುತ್ತ.

"ಹೇಳಿದ್ನಲ್ಲ?"

"ಜೋರಾಗಿ ಹೇಳ್ಬೇಕಿತ್ತು!"

"ಜೋರಾಗಿ ಮಾತಾಡಿದ್ರೆ ನಿಮಗೆ ಆಗೋದಿಲ್ಲ ಅಂತ ಸುಮ್ಮನಾದೆ," ಎಂದರು ಮಾವ, ವಿನಯವಾಗಿ. "ಟಾಪಿನ ಮೋಟರ್ ನೆಂದಿದೆ. ಒಣಗಿಸಿ ಸರಿ ಮಾಡ್ತೀನಿ. ನೀವು ಬಟ್ಟೆ ಬದಲಾಯಿಸಿ ಬಸ್ ಹಿಡೀರಿ."

ಬಟ್ಟೆ ಬದಲಾಯಿಸಿ ಬಸ್ ಸ್ಟಾಪಿಗೆ ಹೋದರೆ, ಬಸ್ಸು ಬರಲು ಮುಕ್ಕಾಲು ಗಂಟೆ. ಸಿಕ್ಕ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಬಕ್ಕೆ ಜೋತುಬಿದ್ದು ನಾಲ್ಕು ಸ್ಟಾಪು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಗುಡುಗು ಕೇಳಿಸಿತು. ಆ ಸದ್ದು ಅವರಿಗೆ ಚೆನ್ನಾಗಿ ಗೊತ್ತು.

ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕಕ್ಕೇ ಕೆಂಪು ಕಾರು ಬಂದು ನಿಂತಿತು. ಟಾಪು ಪೂರ್ತಿ ಮಡಚಿಕೊಂಡಿತ್ತು. ಶಾಲೆಗೆ ಹೊರಟ ಹೆಂಡತಿಯ ಕೂದಲು ಗಾಳಿಯಲ್ಲಿ ಹಾರಾಡುತ್ತಿತ್ತು. ಸ್ಟಿಯರಿಂಗ್ ಹಿಡಿದ ಮಾವನವರ ಮೂಗಿನ ಮೇಲೆ ಅಳಿಯನ ಕಪ್ಪು ಕನ್ನಡಕ. ಇಡೀ ಬಸ್ಸು ಒಂದೇ ಬದಿಗೆ ವಾಲಿ ನೋಡಿತು. ಹಸಿರು ದೀಪ ಬಿದ್ದದ್ದೇ ತಡ, ಕಾರು ಗರ್ಜಿಸಿ ಮಾಯವಾಯಿತು.

ಗ್ರಂಥಪಾಲಕರಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಜೋತುಬಿದ್ದಿದ್ದವನಿಗೆ ಹೇಳಿಯೇಬಿಟ್ಟರು: "ನೋಡಿದ್ರಾ? ಆ ಕಾರು ನಂದು."

ಅವನು ಇವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಹೌದಾ ಸಾರ್? ಸಂತೋಷ. ಈ ಬಸ್ಸು ನಂದು."